ಸೊಂಟದ ರಿವಾಲ್ವರ್ ಮತ್ತು ಆತ್ಮರಕ್ಷಣೆಯ ಧರ್ಮ

ಆತ್ಮರಕ್ಷಣೆಗೆಂದು ಗಿಡ್ಡ ನಳಿಗೆಯ ರಿವಾಲ್ವರನ್ನು ಸದಾ ಮೈಮೇಲಿಟ್ಟುಕೊಂಡು ಓಡಾಡುವುದು ಧರ್ಮಸಮ್ಮತವೇ? ಒಂದೇ ಪ್ರಶ್ನೆಯಂತೆ ಕಾಣುವ ಇದರೊಳಗೆ ಎರಡು ಪ್ರಶ್ನೆಗಳಿವೆ. ಮೇಲೆ ಬಿದ್ದವನನ್ನು ಹೊಡೆದು ಉಳಿದುಕೊಳ್ಳಬಹುದೇ ಎಂಬುದು ಮೊದಲನೆಯದು. ಕರ್ನಾಟಕದ ನೆಲದಲ್ಲಿ ಬೇರುಬಿಟ್ಟ ಮತಧರ್ಮಗಳು ಇದಕ್ಕೆ ಹಿಂದೆಯೇ ಉತ್ತರ ಹೇಳಿವೆ. ಉತ್ತರಗಳು ಒಂದಕ್ಕೊಂದು ಅಷ್ಟೇನೂ ದೂರವಿಲ್ಲ. ಇನ್ನೂ ಮೇಲೆ ಬೀಳದವನ, ಯಾರೆಂದೇ ತಿಳಿಯದವನ ಸಲುವಾಗಿ ಬೆಳಗಿನಿಂದ ರಾತ್ರಿಯವರೆಗೆ ಕೊಲ್ಲುವ ಸಾಧನವನ್ನು ಅಂಗಿಯ ಅಡಿಯಲ್ಲಿ ಹೊತ್ತಿರುವುದು ಸರಿಯೇ ಎಂಬುದು ಎರಡನೆಯದು. ಇದನ್ನು ಹಳೆಯ ಗ್ರಂಥಗಳು ನೇರವಾಗಿ ಕೇಳಿಕೊಂಡಿಲ್ಲ. ಅವುಗಳ ಕಾಲದ ಕತ್ತಿ, ಬಿಲ್ಲು, ಭರ್ಜಿಗಳು ಎದುರಿನವನ ಕಣ್ಣಿಗೆ ಕಾಣುವಂಥವು. ಮರೆಯಲ್ಲಿಟ್ಟ ಚೂರಿಯೂ ಇತ್ತು, ಆದರೆ ಅದನ್ನು ಹೊತ್ತವನನ್ನು ವೀರರ ಸಾಲಿಗೆ ಸೇರಿಸಿದ್ದು ಕಡಿಮೆ.

ಗಿಡ್ಡ ರಿವಾಲ್ವರಿನ ರಚನೆಯನ್ನು ಸ್ವಲ್ಪ ತಿಳಿಯದೆ ಎರಡನೆಯ ಪ್ರಶ್ನೆಯನ್ನು ಬಿಡಿಸಲಾಗದು. ಅಮೆರಿಕದ ಕೋಲ್ಟ್ ಕಂಪನಿ 1927ರಲ್ಲಿ ಎರಡು ಇಂಚಿನ ನಳಿಗೆಯ, ಆರು ಗುಂಡಿನ 'ಡಿಟೆಕ್ಟಿವ್ ಸ್ಪೆಷಲ್' ತಂದಿತು. ಸ್ಮಿತ್ ಆ್ಯಂಡ್ ವೆಸನ್ 1950ರಲ್ಲಿ ಇನ್ನೂ ಕಿರಿದಾದ, ಐದೇ ಗುಂಡಿನ 'ಚೀಫ್ಸ್ ಸ್ಪೆಷಲ್' ಮಾಡಿತು. ಭಾರತದಲ್ಲಿ ಈ ಜಾತಿಗೆ ಹತ್ತಿರದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಅದರದೇ ಹಗುರ ರೂಪವಾದ, ಸುಮಾರು ಅರ್ಧ ಕಿಲೋ ತೂಗುವ 'ನಿರ್ಭೀಕ್' 2014ರಲ್ಲಿ ಹೆಂಗಸರ ರಕ್ಷಣೆಯ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ದಾಟಿತ್ತು. ಅಷ್ಟು ದುಡ್ಡು ಕೊಡಬಲ್ಲ ಹೆಂಗಸರು ಸಂಜೆಯ ಕಡೆಯ ಬಸ್ಸಿಗೆ ಕಾಯುವವರಲ್ಲ ಎಂಬ ಟೀಕೆ ಆಗಲೇ ಬಂದಿತ್ತು, ಆ ಟೀಕೆಯಲ್ಲಿ ಹುರುಳಿತ್ತು.

ನಳಿಗೆ ಗಿಡ್ಡವಾದಷ್ಟೂ ಆಯುಧವನ್ನು ಬಚ್ಚಿಡುವುದು ಸುಲಭ, ಗುರಿ ಹಿಡಿಯುವುದು ಕಷ್ಟ. ತೂಕ ಕಡಿಮೆಯಾದಷ್ಟೂ ಹೊರುವುದು ಹಗುರ, ಹಾರಿಸಿದಾಗ ಕೈಗೆ ಬೀಳುವ ಒದೆತ ಜೋರು. ಐದಾರು ಗುಂಡು ಮುಗಿದ ಮೇಲೆ ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿ, ಖಾಲಿ ಚಿಪ್ಪುಗಳನ್ನು ಹೊರದೂಡಿ, ಹೊಸ ಗುಂಡುಗಳನ್ನು ತುಂಬಬೇಕು. ಗಿಡ್ಡ ರಿವಾಲ್ವರಿನಲ್ಲಿ ಚಿಪ್ಪು ದೂಡುವ ಕಡ್ಡಿಯೂ ಗಿಡ್ಡ. ಚಿಪ್ಪುಗಳು ಪೂರ್ತಿ ಹೊರಬೀಳದೆ ಅರ್ಧದಲ್ಲೇ ಸಿಕ್ಕಿಕೊಳ್ಳುವುದುಂಟು. ಗುಂಡುಗಳನ್ನು ಒಟ್ಟಿಗೆ ತುಂಬುವ ಬಿಲ್ಲೆಗಳು, ರಬ್ಬರ್ ಪಟ್ಟಿಗಳು ಬಂದಿವೆ. ಅವನ್ನು ಬಳಸುವ ಬೆರಳುಗಳಿಗೆ ತಿಂಗಳುಗಟ್ಟಲೆ ರೂಢಿ ಬೇಕು. ಭಾರತದಲ್ಲಿ ಒಂದು ಬಾರಿಗೆ ಎಷ್ಟು ಗುಂಡು, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. ಗುಂಡು ಹಾರಿಸಿ ಕಲಿಯುವ ಜಾಗಗಳು ಜಿಲ್ಲಾ ಊರುಗಳಲ್ಲೂ ಅಪರೂಪ. ಹೀಗಾಗಿ ಬಹಳಷ್ಟು ಮಾಲೀಕರು ಅದನ್ನು ಹೊರುವುದನ್ನು ರೂಢಿ ಮಾಡಿಕೊಂಡಿರುತ್ತಾರೆ, ಬಳಸುವುದನ್ನಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. ಇಲ್ಲಿ ಊರೊಳಗಿನ ಮನೆಯ ಜೊತೆಗೆ ತೋಟದ ಮನೆಯ ಬದುಕೂ ಇದೆ. ಒಂದು ಮನೆಯ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರ, ನಡುವೆ ತೆಂಗಿನ ಸಾಲು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಏರಿಸಿದ ಕಾಯಿ ವರ್ಷ ತುಂಬುವ ತನಕ ಅಲ್ಲೇ ಒಣಗುತ್ತದೆ; ಮನೆಯ ವರ್ಷದ ಗಳಿಕೆ ತಲೆಯ ಮೇಲೆಯೇ ಇರುತ್ತದೆ ಎಂದರೂ ಸರಿಯೇ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಈ ಭಯವನ್ನು ಹೇಡಿತನ ಎಂದು ತಳ್ಳಿಹಾಕುವ ಧರ್ಮಚರ್ಚೆ ತೋಟದ ಮನೆಯಲ್ಲಿ ಒಂದು ರಾತ್ರಿಯನ್ನೂ ಕಳೆಯದವರದ್ದು.

ಈ ಸೀಮೆಯ ಹಳೆಯ ಆಯುಧ ಮಚ್ಚು, ಕುಡುಗೋಲು, ದೊಣ್ಣೆ. ಅನುಕೂಲಸ್ಥರ ಮನೆಯಲ್ಲಿ ಬೆಳೆ ರಕ್ಷಣೆಯ ಹೆಸರಿನ ಬಂದೂಕು. ಅದು ಮುಖ್ಯವಾಗಿ ಸದ್ದಿನ ಆಯುಧ. ಒಂದು ಸಲ ಆಕಾಶಕ್ಕೆ ಹಾರಿಸಿದರೆ ಹಂದಿಯೂ ಓಡುತ್ತದೆ, ಕಳ್ಳನೂ ಓಡುತ್ತಾನೆ, ಪಕ್ಕದ ತೋಟದವರೂ ಎದ್ದು ಕೂರುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಇಂಥ ಬಂದೂಕು, ರಿವಾಲ್ವರ್ ಎಂಬ ಎರಡು ಬಗೆಯ ಆಯುಧಗಳನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಅದರ 13ನೆಯ ಸೆಕ್ಷನ್ ಪ್ರಕಾರ ರಕ್ಷಣೆಗಾಗಿ ಕನಿಷ್ಠ 20 ಇಂಚು ನಳಿಗೆಯ ನುಣುಪು ಕೊಳವೆಯ ಬಂದೂಕು ಕೇಳಿದರೆ, ಬೇರೆ ಅಡ್ಡಿಯಿಲ್ಲದಿದ್ದಲ್ಲಿ ಲೈಸೆನ್ಸ್ ಕೊಡಬೇಕು. ಬೆಳೆ ಕಾಯುವ ಮದ್ದು ತುಂಬುವ ಬಂದೂಕಿಗೂ ಹಾಗೆಯೇ. ರಿವಾಲ್ವರ್ ಕೇಳುವವನು ಮಾತ್ರ ತನಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನದಟ್ಟು ಮಾಡಿಕೊಡಬೇಕು. ಬಚ್ಚಿಡಬಹುದಾದ ಆಯುಧಕ್ಕೆ ಕಾನೂನು ಹೆಚ್ಚಿನ ಉತ್ತರ ಕೇಳುತ್ತದೆ. ಧರ್ಮವೂ ಹಾಗೆ ಕೇಳುತ್ತದೆಯೇ ಎಂಬುದನ್ನು ನೋಡಬೇಕು.

ಮೊದಲ ಪ್ರಶ್ನೆಯ ಬಗ್ಗೆ ಅತ್ಯಂತ ನಾಜೂಕಾದ ವಿಚಾರ ನಡೆದದ್ದು ಕನ್ನಡ ನೆಲದಲ್ಲೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ಗ್ರಂಥವೆಂದೇ ವಕೀಲರಿಗೆ ಪರಿಚಿತವಾದ ಅದರಲ್ಲಿ 'ಆತತಾಯಿ'ಯ ಚರ್ಚೆಯೂ ಇದೆ. ಬೆಂಕಿ ಇಡುವವನು, ವಿಷ ಹಾಕುವವನು, ಆಯುಧ ಹಿಡಿದು ಬರುವವನು, ಹಣ ದೋಚುವವನು, ಹೊಲ ಕಸಿಯುವವನು, ಹೆಂಡತಿಯನ್ನು ಅಪಹರಿಸುವವನು ಎಂದು ಧರ್ಮಸೂತ್ರಗಳು ಆರು ಬಗೆಯ ಆತತಾಯಿಗಳನ್ನು ಹೇಳುತ್ತವೆ. ಇಂಥವನು ಗುರುವಾಗಲಿ, ಮುದುಕನಾಗಲಿ, ವೇದ ಬಲ್ಲವನಾಗಲಿ ಯೋಚಿಸದೆ ಕೊಲ್ಲಬಹುದು ಎನ್ನುವ ಸ್ಮೃತಿವಾಕ್ಯಗಳಿವೆ. ಬ್ರಾಹ್ಮಣನನ್ನು ಬೇಕೆಂದು ಕೊಂದರೆ ಪ್ರಾಯಶ್ಚಿತ್ತವೇ ಇಲ್ಲ ಎನ್ನುವ ವಾಕ್ಯಗಳೂ ಇವೆ. ಎರಡೂ ಸ್ಮೃತಿಯೇ, ಒಂದನ್ನು ಹಿಡಿದರೆ ಇನ್ನೊಂದು ತಪ್ಪುತ್ತದೆ.

ವಿಜ್ಞಾನೇಶ್ವರನ ತೀರ್ಮಾನ ಸೂಕ್ಷ್ಮವಾದದ್ದು. ಯೋಚಿಸದೆ ಕೊಲ್ಲು ಎಂಬ ಮಾತು ಆಜ್ಞೆಯಲ್ಲ, ರಕ್ಷಣೆಯ ಹಕ್ಕನ್ನು ಒತ್ತಿ ಹೇಳುವ ಪರಿ ಅಷ್ಟೆ ಎಂದು ಅವನು ತಿಳಿಯುತ್ತಾನೆ. ತನ್ನನ್ನೋ ತನ್ನವರನ್ನೋ ಉಳಿಸಿಕೊಳ್ಳಲು, ಕೊಲ್ಲುವ ಉದ್ದೇಶವಿಲ್ಲದೆ ತಡೆಯುವಾಗ, ಅಚಾತುರ್ಯದಿಂದ ಎದುರಿನವನು ಸತ್ತರೆ ಅಲ್ಪ ಪ್ರಾಯಶ್ಚಿತ್ತ ಸಾಕು, ರಾಜದಂಡ ಇಲ್ಲ. ಕೊಲ್ಲಲೆಂದೇ ಹೊಡೆದರೆ ಲೆಕ್ಕ ಬೇರೆ. ಇಲ್ಲಿ ಒಂದು ಮಾತನ್ನು ಮುಚ್ಚಿಡುವಂತಿಲ್ಲ: ಈ ಎಚ್ಚರವೆಲ್ಲ ಅಲ್ಲಿ ಮುಖ್ಯವಾಗಿ ಬ್ರಾಹ್ಮಣ ಮೊದಲಾದ ಆತತಾಯಿಗಳ ವಿಷಯದಲ್ಲಿ. ಉಳಿದವರ ಪ್ರಾಣಕ್ಕೆ ಅಷ್ಟು ಜೋಪಾನವಿಲ್ಲ. ಜಾತಿಯ ಆ ರಿಯಾಯಿತಿಯನ್ನು ಎಲ್ಲ ಜೀವಕ್ಕೂ ಹರಡಿದರೆ ಮಾತ್ರ ವಿಜ್ಞಾನೇಶ್ವರನ ತರ್ಕ ಇಂದು ಬಳಕೆಗೆ ಬರುತ್ತದೆ. ಹರಡಿದಾಗ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಸುಮಾರು ನೂರೈವತ್ತು ವರ್ಷಗಳ ಮೇಲೆ ಇಟಲಿಯ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಮುಟ್ಟಿದ ನೆಲೆಯೂ ಇದೇ: ಒಂದೇ ಕೆಲಸಕ್ಕೆ ಎರಡು ಫಲ ಇರಬಹುದು, ತನ್ನ ಉಳಿವು ಉದ್ದೇಶವಾಗಿರಬೇಕು, ಎದುರಿನವನ ಸಾವು ಉದ್ದೇಶವಾಗಿರಬಾರದು, ಬಲ ಅಗತ್ಯಕ್ಕಿಂತ ಹೆಚ್ಚಾಗಬಾರದು. ಇಸ್ಲಾಮಿನ ನ್ಯಾಯಶಾಸ್ತ್ರಜ್ಞರು ದಾಳಿಕೋರನನ್ನು ತಡೆಯುವ ಬಗ್ಗೆ ಹೇಳುವಾಗಲೂ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ. ಕೂಗಿನಿಂದ ಆಗುವುದಕ್ಕೆ ಕೈ ಎತ್ತಬಾರದು, ಕೈಯಿಂದ ಆಗುವುದಕ್ಕೆ ಆಯುಧ ಎತ್ತಬಾರದು.

ಭಾರತದ ದಂಡಸಂಹಿತೆ ಇದನ್ನು ಸೆಕ್ಷನ್ನುಗಳಾಗಿ ಬರೆದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಸೆಕ್ಷನ್ನುಗಳಲ್ಲಿ ಅದು ಹಾಗೇ ಉಳಿದಿದೆ. ಅಪಾಯದ ಭಯ ಹುಟ್ಟಿದಾಗ ಹಕ್ಕು ಹುಟ್ಟುತ್ತದೆ, ಭಯ ತೀರಿದಾಗ ಹಕ್ಕೂ ತೀರುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ. ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಂತೂ ಇಲ್ಲವೇ ಇಲ್ಲ. ಹಾಗೆಂದು ದಾಳಿಗೊಳಗಾದವನು ಹೇಡಿಯಂತೆ ನಡೆದುಕೊಳ್ಳಬೇಕೆಂದು ಕಾನೂನು ಬಯಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆ ಕ್ಷಣದ ಗಾಬರಿಯಲ್ಲಿ ಬಲವನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು ಎಂಬುದನ್ನೂ ಅದು ಒಪ್ಪಿತು.

ಈ ಚೌಕಟ್ಟಿನಲ್ಲಿಟ್ಟು ನೋಡಿದಾಗ ರಿವಾಲ್ವರಿಗೆ ಮತ್ತೆ ಗುಂಡು ತುಂಬುವ ಕ್ರಿಯೆ ಬರೀ ಕೈಚಳಕದ ವಿಷಯವಾಗಿ ಉಳಿಯುವುದಿಲ್ಲ. ಮೊದಲ ಗುಂಡು ಗಾಬರಿಯದ್ದಾಗಿರಬಹುದು. ಎರಡನೆಯದೂ ಮೂರನೆಯದೂ ಅದೇ ಉಸಿರಿನಲ್ಲಿ ಹೋಗಬಹುದು. ಸಿಲಿಂಡರ್ ಖಾಲಿಯಾದ ಮೇಲೆ ಮಾತ್ರ ಬಿಡುವೊಂದು ಬರುತ್ತದೆ, ನುರಿತವನಿಗೆ ಕೆಲವು ಸೆಕೆಂಡು, ನುರಿಯದವನಿಗೆ ಇನ್ನೂ ಹೆಚ್ಚು. ಆ ಬಿಡುವಿನಲ್ಲಿ ಎದುರಿನವನು ಬಿದ್ದಿದ್ದಾನೆಯೇ, ಓಡುತ್ತಿದ್ದಾನೆಯೇ, ಇನ್ನೂ ಮೇಲೆ ಬರುತ್ತಿದ್ದಾನೆಯೇ ಎಂದು ನೋಡಲೇಬೇಕಾಗುತ್ತದೆ. ಇನ್ನೂ ಬರುತ್ತಿದ್ದರೆ ಮತ್ತೆ ತುಂಬುವುದು ತಡೆಯುವಿಕೆಯ ಮುಂದುವರಿಕೆ. ಓಡುತ್ತಿದ್ದರೆ ತುಂಬಿದ ಪ್ರತಿ ಗುಂಡೂ ಹೊಸ ಸಂಕಲ್ಪ. ವಿಜ್ಞಾನೇಶ್ವರನ 'ಉದ್ದೇಶವಿಲ್ಲದೆ' ಎಂಬ ಷರತ್ತು ಅಲ್ಲಿಗೆ ಮುರಿಯುತ್ತದೆ. ಖಾಲಿ ಸಿಲಿಂಡರನ್ನು ಬಂದೂಕಿನ ಪರಿಣತರು ದೌರ್ಬಲ್ಯವೆನ್ನುತ್ತಾರೆ. ನೀತಿಯ ಕಣ್ಣಿನಲ್ಲಿ ಅದು ಈ ಆಯುಧದ ಅತ್ಯುತ್ತಮ ಗುಣ. ಹದಿನೈದು ಗುಂಡಿನ ಪಿಸ್ತೂಲು ಹಿಡಿದವನಿಗೆ ಈ ಬಿಡುವು ಇಷ್ಟು ಬೇಗ ಸಿಗುವುದಿಲ್ಲ.

ಜೈನ ವಿಚಾರ ಇನ್ನೂ ಒಂದು ಹೆಜ್ಜೆ ಒಳಗೆ ಹೋಗುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದ ಮತ ಆತ್ಮರಕ್ಷಣೆಯನ್ನು ಬಿಲ್‌ಕುಲ್ ಒಪ್ಪಲಾರದು ಎಂದು ಹಲವರು ತಿಳಿದಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಶ್ರವಣಬೆಳಗೊಳ ತೆಂಗಿನ ಸೀಮೆಗೆ ದೂರವೇನಲ್ಲ. ಅಲ್ಲಿನ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಗಂಗರ ಮಂತ್ರಿ ಮಾತ್ರವಲ್ಲ, ಯುದ್ಧಗಳನ್ನು ಗೆದ್ದ ದಂಡನಾಯಕ. 978ರಲ್ಲಿ ತೀರ್ಥಂಕರರ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದವನೂ ಅವನೇ. ಹೊಯ್ಸಳ ವಿಷ್ಣುವರ್ಧನನ ಸೇನಾನಿ ಗಂಗರಾಜನೂ ಜೈನ. ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಶ್ರಾವಕಾಚಾರದ, ಅಂದರೆ ಜೈನ ಗೃಹಸ್ಥರ ನಡಾವಳಿಯ, ವಿಂಗಡಣೆ ಉತ್ತರ ಕೊಡುತ್ತದೆ. ಹಿಂಸೆ ನಾಲ್ಕು ಬಗೆ. ಬೇಕೆಂದೇ ಮಾಡುವುದು ಸಂಕಲ್ಪಿ, ಅಡುಗೆ ಮನೆಗೆಲಸದಲ್ಲಿ ಆಗುವುದು ಆರಂಭಿ, ಕೃಷಿ ಕಸುಬಿನಲ್ಲಿ ಆಗುವುದು ಉದ್ಯೋಗಿ, ದಾಳಿಯನ್ನು ಎದುರಿಸುವಾಗ ಆಗುವುದು ವಿರೋಧಿ. ಮುನಿ ನಾಲ್ಕನ್ನೂ ಬಿಡಬೇಕು. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಟ್ಟು ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಹೀಗೆ ತೋಟದ ಮನೆಯ ಗೃಹಸ್ಥನಿಗೂ ಜೈನಶಾಸ್ತ್ರದಲ್ಲಿ ಜಾಗವಿದೆ.

ಆದರೆ ಅದೇ ಶಾಸ್ತ್ರ ಇನ್ನೆರಡು ಕಡೆ ಬಿಗಿಯಾಗಿದೆ. ಹಿಂಸೆಯ ವ್ಯಾಖ್ಯೆಯಲ್ಲೇ ಅದು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಸೇರಿಸುತ್ತದೆ; ಎಚ್ಚರದಿಂದ ನಡೆದವನ ಕಾಲಿಗೆ ಹುಳ ಸಿಕ್ಕಿ ಸತ್ತರೂ ಅವನಿಗೆ ದೋಷವಿಲ್ಲ, ಎಚ್ಚರಗೇಡಿಯ ಕಾಲಿಗೆ ಯಾವ ಜೀವವೂ ಸಿಗದಿದ್ದರೂ ಅವನು ಹಿಂಸಕ. ವರ್ಷಕ್ಕೆ ಒಂದು ಗುಂಡನ್ನೂ ಹಾರಿಸಿ ಕಲಿಯದೆ, ಮಂಚದ ದಿಂಬಿನಡಿ ತುಂಬಿದ ರಿವಾಲ್ವರ್ ಇಟ್ಟು, ರಜೆಗೆ ಬಂದ ಮೊಮ್ಮಕ್ಕಳನ್ನು ಅದೇ ಕೋಣೆಯಲ್ಲಿ ಆಡಲು ಬಿಡುವವನು ಈ ಲೆಕ್ಕದಲ್ಲಿ ಗುಂಡು ಹಾರುವ ಮೊದಲೇ ಹಿಂಸಕ. ಇನ್ನೊಂದು, ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಹೇಳುವ ಅನರ್ಥದಂಡ ವ್ರತ. ಪ್ರಯೋಜನವಿಲ್ಲದ ಪಾಪಗಳನ್ನು ಬಿಡುವ ವ್ರತ ಅದು. ಅದರಲ್ಲಿ 'ಹಿಂಸಾದಾನ', ಕೊಲ್ಲುವ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು, ಒಂದು. 'ಅಪಧ್ಯಾನ', ಇನ್ನೊಬ್ಬರ ಕೇಡನ್ನು ಮನಸ್ಸಿನಲ್ಲೇ ನೆನೆಯುತ್ತಿರುವುದು, ಮತ್ತೊಂದು. ಸೊಂಟದ ರಿವಾಲ್ವರ್ ತಟ್ಟುವುದು ಈ ಎರಡನೆಯದಕ್ಕೆ. ಅದನ್ನು ಹೊರುವವರಿಗೆ ತರಬೇತಿದಾರರು ಕೊಡುವ ಮೊದಲ ಪಾಠವೇ ಎದುರು ಬರುವ ಪ್ರತಿಯೊಬ್ಬನನ್ನೂ ದಾಳಿಕೋರನಾಗಬಲ್ಲವನೆಂದು ಅಳೆಯುತ್ತಿರುವುದು. ಬಳಕೆಯ ದೃಷ್ಟಿಯಿಂದ ಪಾಠ ಸರಿ. ವ್ರತದ ದೃಷ್ಟಿಯಿಂದ ಅದು ದಿನವಿಡೀ ನಡೆಯುವ ಅಪಧ್ಯಾನ. ಈ ಸೂಕ್ಷ್ಮಕ್ಕೆ ಬೇರೆ ಯಾವ ಶಾಸ್ತ್ರವೂ ಇಷ್ಟು ಹತ್ತಿರ ಬಂದಂತೆ ಕಾಣುವುದಿಲ್ಲ.

ಶರಣ ಪರಂಪರೆಯ ನಿಲುವು ಒಂದೇ ಎಳೆಯದ್ದಲ್ಲ. ಬಸವಣ್ಣನವರ ಸಪ್ತಶೀಲಗಳಲ್ಲಿ ಕೊಲೆಯ ನಿಷೇಧ ಕಳವಿನ ನಿಷೇಧದ ಬೆನ್ನಿಗೇ ಬರುತ್ತದೆ. ಅದೇ ಪರಂಪರೆಯ ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಶಿವನಿಗೆ, ಶಿವಭಕ್ತರಿಗೆ ಅಪಚಾರವಾದಾಗ ಸುಮ್ಮನಿರಬಾರದೆಂಬ ವಿಧಿ ಅದು. ಬಿಜ್ಜಳನ ಕೊಲೆಯನ್ನು ಜಗದೇವ, ಮೊಲ್ಲೆ ಬೊಮ್ಮಯ್ಯರ ಗಣಾಚಾರವೆಂದು ವೀರಶೈವ ಪುರಾಣಗಳು ಕೊಂಡಾಡಿವೆ. ತೆಂಗಿನ ಸೀಮೆಗೆ ಹೆಚ್ಚು ಹತ್ತಿರದ್ದು ಮಾತ್ರ ಇನ್ನೊಂದು ಕಥೆ. ಬಸವಣ್ಣನವರ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಕರುಗಳು ತಾಯಿಗಾಗಿ ಒರಲುತ್ತಿದ್ದವು. ಬಸವಣ್ಣನವರು ಬೆನ್ನಟ್ಟಲು ಆಳುಗಳನ್ನು ಕಳಿಸಲಿಲ್ಲ, ಕರುಗಳನ್ನೂ ಕಳ್ಳರ ಬಳಿಗೇ ಕಳಿಸಿದರು. ಕದ್ದವನಲ್ಲಿಯೂ ಉಣ್ಣುವವನು ಕೂಡಲಸಂಗಮದೇವನೇ ಎಂಬುದು ಅವರ ನಿಲುವು.

ಇದಕ್ಕೆ ನೇರ ಎದುರಾಗಿ ನಿಲ್ಲುವುದು ವೀರಗಲ್ಲು. ಇಡೀ ಹಳೆಯ ಮೈಸೂರು ಸೀಮೆಯ ಕೆರೆ ಏರಿ, ಊರ ಬಾಗಿಲು, ಗುಡಿಯ ಅಂಗಳಗಳಲ್ಲಿ ಇವು ನಿಂತಿವೆ. ತುರುಗೊಳ್, ಅಂದರೆ ದನ ಹಿಡಿದೊಯ್ಯುವ ದಾಳಿ, ನಡೆದಾಗ ದನಗಳನ್ನು ಬಿಡಿಸಲು ಹೋಗಿ ಸತ್ತವರ ಕಲ್ಲುಗಳು ಅವುಗಳಲ್ಲಿ ದೊಡ್ಡ ಪಾಲು. ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿ ಮಡಿದವರ ಕಲ್ಲುಗಳೂ ಇವೆ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಕರೆದೊಯ್ಯುವುದು, ಮೇಲಿನದರಲ್ಲಿ ಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತ ವೀರ. ಒಂದೇ ನೆಲದ ಎರಡು ಆದರ್ಶಗಳು ಹೀಗೆ ಎದುರುಬದುರಾಗುತ್ತವೆ: ದನಕ್ಕಾಗಿ ಪ್ರಾಣ ಕೊಟ್ಟವನು ಒಂದು ಕಡೆ, ಕರುವನ್ನೂ ಕಳ್ಳನಿಗೆ ಕೊಟ್ಟವನು ಇನ್ನೊಂದು ಕಡೆ. ಆದರೂ ಒಂದು ಸಂಗತಿಯಲ್ಲಿ ಎರಡೂ ಸೇರುತ್ತವೆ. ಯಾರೂ ತನ್ನ ಪ್ರಾಣವನ್ನೇ ಎಲ್ಲಕ್ಕಿಂತ ಮೇಲಿಟ್ಟಿಲ್ಲ. ವೀರಗಲ್ಲು ನಿಲ್ಲಿಸಿದ್ದು ಊರಿನ ದನಕ್ಕಾಗಿ ಹೊರಗೆ ಬಂದವನಿಗೆ. ಬಾಗಿಲು ಭದ್ರಪಡಿಸಿಕೊಂಡು ತಾನೊಬ್ಬ ಉಳಿದುಕೊಂಡವನನ್ನು ಯಾರೂ ತಪ್ಪೆನ್ನಲಿಲ್ಲ, ಅವನ ಹೆಸರಿನಲ್ಲಿ ಕಲ್ಲನ್ನೂ ನಿಲ್ಲಿಸಲಿಲ್ಲ. ಆತ್ಮರಕ್ಷಣೆ ಈ ಸಂಸ್ಕೃತಿಯಲ್ಲಿ ಅನುಮತಿ. ಪುಣ್ಯವೆಂದು ಅದನ್ನು ಎಣಿಸಿದ್ದು ಕಾಣುವುದಿಲ್ಲ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಐತಿಹ್ಯವನ್ನೂ ಇದೇ ಬೆಳಕಿನಲ್ಲಿ ಓದಬಹುದು. ಜೈಮಿನಿ ಭಾರತದ ಚಂಪಕನಗರ ಇದೇ ಊರು, ಹಂಸಧ್ವಜನ ರಾಜಧಾನಿ ಇದೇ ಎಂದು ಇಲ್ಲಿನವರು ಹೇಳುತ್ತಾರೆ. ಧರ್ಮರಾಯನ ಯಾಗದ ಕುದುರೆಯನ್ನು ಹಂಸಧ್ವಜ ಕಟ್ಟಿಹಾಕುತ್ತಾನೆ. ಹೊತ್ತಿಗೆ ಸರಿಯಾಗಿ ರಣಕ್ಕೆ ಬಾರದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಡಂಗುರ ಹೊಡೆಸುತ್ತಾನೆ. ತಡವಾದವನು ಅವನ ಮಗ ಸುಧನ್ವನೇ. ದೊರೆ ಮಗನನ್ನೂ ಬಿಡುವುದಿಲ್ಲ. ಕೊಪ್ಪರಿಗೆಯಿಂದ ಹರಿಭಕ್ತಿಯ ಬಲದಿಂದ ಪಾರಾಗಿ ಬಂದ ಸುಧನ್ವ, ತನ್ನ ಆರಾಧ್ಯನೇ ಸಾರಥಿಯಾಗಿರುವ ಅರ್ಜುನನ ಎದುರು ನಿಂತು ಮಡಿಯುತ್ತಾನೆ. ಲಕ್ಷ್ಮೀಶ ಈ ಕಥೆಯನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ. ಭಕ್ತಿಯ ಕಥೆಯೆಂದು ಇದನ್ನು ಓದುವುದು ರೂಢಿ. ಆಯುಧದ ಕಥೆಯಾಗಿ ಓದಿದರೆ ಬೇರೊಂದು ಅಂಶ ಎದ್ದು ಕಾಣುತ್ತದೆ. ಇಲ್ಲಿ ಶತ್ರುವಿಗಿಂತ ಮೊದಲು ಪರೀಕ್ಷೆಗೆ ಒಳಗಾಗುವವನು ಆಯುಧ ಹಿಡಿದವನೇ, ಅದೂ ಊರೆಲ್ಲ ನೋಡುವಂತೆ.

ಬಹಿರಂಗತೆಯ ಈ ಷರತ್ತು ಆಯುಧವನ್ನು ಧರ್ಮದ ಭಾಗವಾಗಿಸಿಕೊಂಡ ಸಮುದಾಯಗಳಲ್ಲೂ ಕಾಣುತ್ತದೆ. ಬೀದರಿನ ಗುರುನಾನಕ್ ಝೀರಾಕ್ಕೆ ಬರುವ ಸಿಖ್ಖರ ಕಿರ್ಪಾಣ ಎಲ್ಲರಿಗೂ ಗೊತ್ತಿರುವಂಥದ್ದು. ಖಾಲ್ಸಾದ ಮೊದಲ ಐವರು ಪ್ಯಾರೆಗಳಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನವರೇ. ಸಂವಿಧಾನದ 25ನೆಯ ವಿಧಿ ಕಿರ್ಪಾಣ ಧರಿಸುವುದನ್ನು ಸಿಖ್ ಧರ್ಮಾಚರಣೆಯ ಭಾಗವೆಂದು ವಿವರಣೆಯಲ್ಲೇ ಹೇಳಿದೆ. ಬೇರೆಲ್ಲ ದಾರಿ ಮುಚ್ಚಿದ ಮೇಲಷ್ಟೇ ಖಡ್ಗ ಎಂಬುದು ಗುರು ಗೋವಿಂದ ಸಿಂಗರು ಔರಂಗಜೇಬನಿಗೆ ಬರೆದ ಪತ್ರದ ನಿಲುವು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿನ ಕೋವಿ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಸ್ವತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂವಿನ ಅಲಂಕಾರ, ಪೂಜೆ. ಹುಟ್ಟಿಗೂ ಸಾವಿಗೂ ಅದರ ಸದ್ದು. ಇಂಥ ಕೋವಿಯ ಸುತ್ತ ಹಿರಿಯರ ಕಣ್ಣಿದೆ, ಕಾಲದ ಕಟ್ಟುಪಾಡಿದೆ. ತೆಂಗಿನ ಸೀಮೆಯಲ್ಲಿ ಆಯುಧಪೂಜೆಯ ದಿನ ಮಚ್ಚು, ಟ್ರ್ಯಾಕ್ಟರು, ಮೋಟಾರು ಪಂಪಿನ ಸಾಲಿನಲ್ಲಿ ಬಂದೂಕಿಗೂ ಕುಂಕುಮ ಬೀಳುತ್ತದೆ. ಸೊಂಟದ ರಿವಾಲ್ವರ್ ಆ ಸಾಲಿಗೆ ಬಂದರೆ ಊರಿಗೆಲ್ಲ ಗುಟ್ಟು ತಿಳಿಯಿತು. ಬಚ್ಚಿಟ್ಟು ಹೊರುವುದರ ಅರ್ಥವೇ ಹೋಯಿತು.

ಗಾಂಧಿಯವರನ್ನು ಈ ಚರ್ಚೆಯಲ್ಲಿ ಒಂದೇ ಪಕ್ಷಕ್ಕೆ ಸೇರಿಸುವುದು ಸುಲಭವಲ್ಲ. ಹೇಡಿತನ, ಹಿಂಸೆ ಇವೆರಡೇ ಆಯ್ಕೆಯಾದರೆ ಹಿಂಸೆಯನ್ನೇ ಸೂಚಿಸುವೆನೆಂದು ಅವರು 1920ರಲ್ಲಿ ಬರೆದಿದ್ದರು. ಜನವರಿ 1930ರಲ್ಲಿ ವೈಸರಾಯ್ ಇರ್ವಿನ್‌ರ ಮುಂದೆ ಅವರು ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನರ ಹತೋಟಿಗೆ ಒಳಪಟ್ಟು ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕೆಂಬುದೂ ಒಂದು. ಜನರ ಹತೋಟಿ ಎಂಬ ಷರತ್ತನ್ನು ಬಿಟ್ಟು ಈ ಬೇಡಿಕೆಯನ್ನು ಉದ್ಧರಿಸುವವರು ಅರ್ಧ ಗಾಂಧಿಯನ್ನು ಮಾತ್ರ ಹೇಳುತ್ತಾರೆ. ತಮ್ಮ ವಿಷಯಕ್ಕೆ ಬಂದಾಗ ಗಾಂಧಿಯವರ ನಡೆ ಬೇರೆ. 1948ರ ಜನವರಿ 20ರಂದು ಪ್ರಾರ್ಥನಾ ಸಭೆಯ ಬಳಿ ಬಾಂಬ್ ಸಿಡಿದ ಮೇಲೂ ಸಭೆಗೆ ಬರುವವರ ಜೇಬು ತಡಕಲು ಪೊಲೀಸರಿಗೆ ಒಪ್ಪಿಗೆ ಕೊಡಲಿಲ್ಲ. ಹತ್ತು ದಿನದ ಮೇಲೆ ಅವರನ್ನು ಕೊಂದದ್ದು ಬಚ್ಚಿಟ್ಟುಕೊಂಡು ತಂದ ಸಣ್ಣ ಪಿಸ್ತೂಲು.

ಕರ್ನಾಟಕದ ಈಚಿನ ಎರಡು ಕೊಲೆಗಳು ಇನ್ನೊಂದು ಸಂಗತಿಯನ್ನು ಮುಂದಿಡುತ್ತವೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಎರಡೂ ಕಡೆ ಹೊತ್ತು, ಜಾಗ, ದೂರ ಎಲ್ಲವನ್ನೂ ಆರಿಸಿಕೊಂಡವರು ಕೊಲೆಗಾರರು. ಬಾಗಿಲು ತೆರೆಯುವ, ಗೇಟು ದಾಟುವ ಆ ಕ್ಷಣದಲ್ಲಿ ಸೊಂಟದಲ್ಲಿ ರಿವಾಲ್ವರ್ ಇದ್ದರೂ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಸಂಚು ಮಾಡಿ ಬಂದವನೆದುರು ಈ ಆಯುಧ ಸಾಲದು. ಕಾಯಿ ಕದಿಯಲು ಬಂದವನೆದುರು ಅದು ಅತಿಯಾಯಿತು; ಕಾಯಿಗೆ ಪ್ರತಿಯಾಗಿ ಪ್ರಾಣ ತೆಗೆಯುವುದನ್ನು ವಿಜ್ಞಾನೇಶ್ವರನ ಷರತ್ತೂ ಒಪ್ಪುವುದಿಲ್ಲ, ಇಂದಿನ ಕಾನೂನೂ ಒಪ್ಪುವುದಿಲ್ಲ. ನಡುವೆ ಉಳಿಯುವುದು ರಾತ್ರಿ ಮನೆಗೆ ನುಗ್ಗಿ ಜೀವಕ್ಕೆ ಕೈ ಹಾಕುವ ದರೋಡೆಕೋರ. ಅಲ್ಲಿ ರಕ್ಷಣೆಯ ಹಕ್ಕು ಪೂರ್ತಿ ಇದೆ. ಆದರೆ ಅದು ಮನೆಯೊಳಗಿನ ಅಪಾಯ. ಸಂತೆಗೂ ಹೋಟೆಲಿಗೂ ಸೊಂಟದಲ್ಲಿ ಹೊತ್ತು ತಿರುಗುವುದಕ್ಕೆ ಅದು ಕಾರಣವಾಗದು.

ಹೀಗೆ ನೋಡಿದಾಗ ಎರಡನೆಯ ಪ್ರಶ್ನೆಗೆ ಈ ನೆಲದ ಧರ್ಮವಿಚಾರ ಕೊಡುವ ಉತ್ತರ ಬಹುತೇಕ ಬೇಡ ಎಂಬ ಕಡೆಗೇ ವಾಲುತ್ತದೆ. ಗೊತ್ತಾದ, ಹೆಸರಿಟ್ಟು ಹೇಳಬಹುದಾದ ಬೆದರಿಕೆ ಇದ್ದು, ಪೊಲೀಸ್ ರಕ್ಷಣೆ ಸಿಗದೆ, ಆಯುಧವನ್ನು ಎಚ್ಚರದಿಂದ ಬಳಸಲು ಕಲಿತು, ಬೆದರಿಕೆ ತೀರಿದ ದಿನ ಅದನ್ನು ಒಪ್ಪಿಸಲು ಸಿದ್ಧನಿರುವವನಿಗೆ ಅದು ಅನುಮತಿ ಕೊಡಬಹುದು. ಪ್ರತಿಷ್ಠೆಗಾಗಿ, ಜಮೀನಿನ ಜಗಳದಲ್ಲಿ ದಾಯಾದಿಗೆ ಕಾಣಲೆಂದು, ಹೆಸರಿಲ್ಲದ ಭಯಕ್ಕಾಗಿ ಹೊರುವವನಿಗೆ ಅದು ಇಲ್ಲ ಎನ್ನುತ್ತದೆ. ಕಾನೂನೂ ಈಚೆಗೆ ಅದೇ ದಿಕ್ಕಿಗೆ ಬಿಗಿಯಾಗುತ್ತ ಬಂದಿದೆ. 2019ರ ತಿದ್ದುಪಡಿ ಒಬ್ಬರಲ್ಲಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು ಎರಡು ವರ್ಷದವರೆಗಿನ ಜೈಲಿನ ಅಪರಾಧ ಮಾಡಿತು. ವಿಶೇಷ ಅನುಮತಿಯಿಲ್ಲದೆ ಜಾತ್ರೆಗೆ, ತೇರಿನ ಮೆರವಣಿಗೆಗೆ, ಜನ ಸೇರುವಲ್ಲಿಗೆ ಆಯುಧ ಒಯ್ಯಬಾರದೆಂದು ಲೈಸೆನ್ಸಿನ ಷರತ್ತಿನಲ್ಲೇ ಇದೆ. ಲೈಸೆನ್ಸಿನ ಅವಧಿ ಈಗ ಐದು ವರ್ಷ. ಚುನಾವಣೆ ಘೋಷಣೆಯಾದೊಡನೆ ಬಹುತೇಕ ಲೈಸೆನ್ಸುದಾರರು ಆಯುಧವನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆಯಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ನವೀಕರಣದ ಅರ್ಜಿಗೆ ಸಹಿ ಹಾಕುವ ಮುನ್ನ, ಆ ಎರಡೂವರೆ ತಿಂಗಳು ಆಯುಧವಿಲ್ಲದೆ ಹೇಗೆ ಕಳೆದವು ಎಂಬುದನ್ನು ಲೈಸೆನ್ಸುದಾರ ನೆನಪು ಮಾಡಿಕೊಳ್ಳುವುದು ಒಳ್ಳೆಯದು.